ಡಬ್ಬ ಬಡಿದು ಹಿಂದಕ್ಕೆ ಕರೆದವನು

ಒಂಬತ್ತನೆಯ ತರಗತಿಗೆ ಇಂಗ್ಲಿಷ್ ನುಡಿಗಟ್ಟುಗಳನ್ನು ಕಲಿಸುತ್ತಿದ್ದೆ. ಅಂದಿನ ಪಾಠದಲ್ಲಿ ‘ಬೀಟ್ ಎ ರಿಟ್ರೀಟ್’ ಎಂಬ ಮಾತು ಬಂದಿತ್ತು. ಹಿಂದಿನ ಕಾಲದ ಯುದ್ಧಗಳಲ್ಲಿ ಸೇನೆ ಹಿಂದೆಗೆಯಬೇಕಾದಾಗ ನಗಾರಿ ಬಡಿಯುತ್ತಿದ್ದರು, ಆ ಸದ್ದು ಕೇಳಿ ಮುಂದೆ ಹೋದವರೆಲ್ಲ ಹಿಂದಕ್ಕೆ ಬರುತ್ತಿದ್ದರು, ಈಗ ನಗಾರಿ ಹೋಗಿ ಮಾತು ಮಾತ್ರ ಉಳಿದಿದೆ, ಅಪಾಯ ಕಂಡು ಮೆಲ್ಲನೆ ಜಾಗ ಖಾಲಿ ಮಾಡುವವರಿಗೆಲ್ಲ ಅದು ಸಲ್ಲುತ್ತದೆ ಎಂದು ವಿವರಿಸಿದೆ. ನಾವು ‘ಕಾಲಿಗೆ ಬುದ್ಧಿ ಹೇಳಿದ’ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ ಎಂದೆ. ನಾಯಿ ಬೊಗಳಿತು, ಕಳ್ಳ ಹಿಂದೆಗೆದ ಎಂದು ಕರಿಹಲಗೆಯ ಮೇಲೊಂದು ಉದಾಹರಣೆ ಬರೆದು, ಸ್ವಂತ ವಾಕ್ಯ ಮಾಡಿಕೊಂಡು ಬನ್ನಿರೆಂದು ಕಳುಹಿಸಿದೆ.

ಮರುದಿನ ಮೂವತ್ತೆಂಟು ಪುಸ್ತಕಗಳು ಬಂದವು. ಮೂವತ್ತೇಳರಲ್ಲಿ ನಾಯಿ ಬೊಗಳುತ್ತಿತ್ತು. ಒಂದರಲ್ಲಿ ಮಾತ್ರ, ನಮ್ಮ ಅಪ್ಪ ದಿನವೂ ಹನ್ನೆರಡೂಕಾಲು ಗಂಟೆಗೆ ಹೀಗೆ ಮಾಡುತ್ತಾರೆ ಎಂದಿತ್ತು. ನಾನು ಕೆಂಪು ಶಾಯಿಯ ಪೆನ್ನನ್ನು ಕೈಯಲ್ಲಿ ಹಿಡಿದೇ ಆ ಹುಡುಗಿಯನ್ನು ಕರೆದೆ.

“ಅಪ್ಪನ್ನ ಹೇಡಿ ಅಂತ ಬರೆದುಕೊಂಡು ಬಂದಿದ್ದೀಯಲ್ಲಮ್ಮ?”

“ಇಲ್ಲ ಸಾರ್. ಅಪ್ಪನ ಕೆಲಸವೇ ಅದು. ಕಲ್ಲುಕ್ವಾರೀಲಿ ಮದ್ದು ಸಿಡಿಸೋ ಮುಂಚೆ ಡಬ್ಬ ಬಡೀತಾರೆ. ಎಲ್ಲರೂ ಹಿಂದಕ್ಕೆ ಬರ್ತಾರೆ.”

ಇಪ್ಪತ್ತು ವರ್ಷ ಆ ನುಡಿಗಟ್ಟನ್ನು ಕಲಿಸಿದ್ದ ನನಗೆ, ಅದನ್ನು ನಿಜವಾಗಿ ಮಾಡುವ ಮನುಷ್ಯನೊಬ್ಬ ಎರಡು ಮೈಲಿ ದೂರದಲ್ಲೇ ಇದ್ದಾನೆಂದು ತಿಳಿದಿರಲಿಲ್ಲ. ವಾಕ್ಯಕ್ಕೆ ಪೂರ್ತಿ ಅಂಕ ಕೊಟ್ಟೆ. ಮುಂದಿನ ರಜೆಯಲ್ಲಿ ಆತನನ್ನು ನೋಡಲು ಹೊರಟೆ.

ಎಲ್ಲರೂ ಅವನನ್ನು ಡಬ್ಬದಣ್ಣ ಎಂದೇ ಕರೆಯುತ್ತಿದ್ದರು. ಐವತ್ತರ ಆಸುಪಾಸಿನ ವಯಸ್ಸು, ಬಲಗಾಲು ಸ್ವಲ್ಪ ಕುಂಟು. ಎಣ್ಣೆ ತುಂಬಿಸುವ ಚೌಕದ ತಗಡಿನ ಡಬ್ಬವೊಂದನ್ನು ಹಳೆಯ ಬೆಲ್ಟಿನಿಂದ ಕೊರಳಿಗೆ ನೇತುಹಾಕಿಕೊಂಡು ಎರಡು ಕಬ್ಬಿಣದ ಕಡ್ಡಿಗಳಿಂದ ಬಡಿಯುತ್ತಿದ್ದ. ಸೀಟಿ ಊದಿ ನೋಡಿದ್ದರಂತೆ, ಯಂತ್ರಗಳ ಗದ್ದಲದಲ್ಲಿ ಅದು ಹಕ್ಕಿಯ ಕೂಗಿನಂತೆ ಕರಗಿಹೋಗುತ್ತಿತ್ತು. ತಗಡಿನ ಸದ್ದಾದರೆ ಬಂಡೆಗೆ ಬಡಿದು ಇಮ್ಮಡಿಯಾಗಿ ಮರಳುತ್ತದೆ.

ಬಡಿತದಲ್ಲಿ ಮೂರು ಬಗೆ. ಮೊದಲನೆಯದು ನಿಧಾನ: ಸಾಮಾನು ಕೆಳಗಿಡಿ, ತಲೆ ಎತ್ತಿ. ಎರಡನೆಯದು ನಡಿಗೆಯ ಲಯಕ್ಕೆ: ಹೊರಡಿ. ಮೂರನೆಯದಕ್ಕೆ ಬಿಡುವೇ ಇಲ್ಲ. ಆ ಸದ್ದು ಕೇಳಿದ ಮೇಲೆ ಕಲ್ಲು ತೆಗೆಯುವ ಗುಂಡಿಯಲ್ಲಿ ಒಂದು ಹೆಜ್ಜೆಯೂ ಉಳಿಯಬಾರದು. ಅವನು ಬಂಡೆಯ ಬುಡದಿಂದ ಬಡಿಯಲು ತೊಡಗಿ, ಬಂಡೆಗೇ ಮುಖ ಮಾಡಿಕೊಂಡು, ಹಿಮ್ಮುಖವಾಗಿ ನಡೆದು ಬರುತ್ತಿದ್ದ.

“ಎಲ್ಲರೂ ಡಬ್ಬದ ಹಿಂದೆ ಇರಬೇಕು ಸಾರ್. ಮುಂದೆ ಕಲ್ಲು ಮಾತ್ರ ಇರಬೇಕು” ಎಂದು ನನಗೆ ಹೇಳಿದ. ಹನ್ನೊಂದು ವರ್ಷ ಹಿಂದೆ ಹಿಂದೆ ನಡೆದೂ ನಡೆದೂ ಅವನ ಕಾಲಿಗೆ ಆ ದಾರಿಯ ಪ್ರತಿ ಕಲ್ಲೂ ಗೊತ್ತಿತ್ತು.

ಅವನೂ ಮೊದಲು ಬಂಡೆಗೆ ಕುಳಿ ಕೊರೆಯುವವನೇ. ಇಪ್ಪತ್ತನಾಲ್ಕರ ಹರೆಯದಲ್ಲಿ, ಎಲ್ಲರಿಗಿಂತ ಕೊನೆಗೆ ಹೊರಬರುವುದೇ ಗಂಡಸುತನ ಎಂದುಕೊಂಡಿದ್ದ ಗುಂಪಿನಲ್ಲಿ ಇವನೇ ಮುಂದಾಳು. ಒಂದು ದಿನ ನಿಂಬೆಹಣ್ಣಿನಷ್ಟು ದೊಡ್ಡ ಕಲ್ಲೊಂದು ಹಾರಿ ಬಂದು ಮಂಡಿಗೆ ಬಿತ್ತು.

“ಆವತ್ತು ಡಬ್ಬ ಬಡಿದವನದು ತಪ್ಪಿಲ್ಲ ಸಾರ್. ಕೇಳಿಸಿಕೊಂಡೂ ನಿಂತವನದು.”

ಡಬ್ಬದ ಕೆಲಸಕ್ಕೆ ಯಾರೂ ಮುಂದೆ ಬರುತ್ತಿರಲಿಲ್ಲ. ಕಂಡವರೆಲ್ಲ ಆಡಿಕೊಳ್ಳುವ ಕೆಲಸ ಅದು. ಹನ್ನೊಂದು ವರ್ಷದ ಹಿಂದೆ ಹಳೆಯ ಡಬ್ಬದವನು ಕೆಲಸ ಬಿಟ್ಟಾಗ ಇವನು ತಾನಾಗಿ ಕೇಳಿ ಪಡೆದ. ಎಲ್ಲರಿಗಿಂತ ಹೆಚ್ಚು ಆಡಿಕೊಂಡವನು ಪೈಲ್ವಾನ. ಕ್ವಾರಿಯ ಅತಿ ಬಲಶಾಲಿ ಕೆಲಸಗಾರ. ಇಬ್ಬರು ಹಿಡಿಯುವ ಡ್ರಿಲ್ಲನ್ನು ಒಬ್ಬನೇ ಹಿಡಿಯುತ್ತಿದ್ದ.

“ಓಡಿಹೋಗೋದಕ್ಕೂ ಸಂಬಳ ಕೊಡ್ತಾರಲ್ಲಪ್ಪ ನಿನಗೆ!” ಎಂದು ಅವನು ಕೂಗುತ್ತಿದ್ದ.

“ಹೌದು ಕಣೋ, ನೀನು ಓಡಿದ್ದಕ್ಕೂ ನನಗೇ ಸಂಬಳ” ಎಂದು ಡಬ್ಬದಣ್ಣ ಉತ್ತರ ಕೊಡುತ್ತಿದ್ದ. ಪೈಲ್ವಾನ ಒಂದು ಕ್ಷಣ ಸುಮ್ಮನಿದ್ದು, ಪಕ್ಕದವರು ನಕ್ಕ ಮೇಲೆ ತಾನೂ ಜೋರಾಗಿ ನಗುತ್ತಿದ್ದ. ಅದರಲ್ಲಿ ವಿಶೇಷವೇನೂ ಆಗ ಯಾರಿಗೂ ಕಾಣಲಿಲ್ಲ.

ಮದ್ದು ಸಿಡಿಸುವವನು ಡಬ್ಬದಣ್ಣನ ಹೆಂಡತಿಯ ತಮ್ಮ. ಗುಂಡಿಯ ಬಾಯಿಯಲ್ಲಿ ದಪ್ಪ ಕಲ್ಲಿನ ಮರೆಗೋಡೆಯೊಂದಿತ್ತು. ಅದರ ಹಿಂದೆ ಅವನ ಪೆಟ್ಟಿಗೆ. ಪೆಟ್ಟಿಗೆಯ ಹಿಡಿಯನ್ನು ತಿರುಗಿಸಿದರೆ ತಂತಿಯಲ್ಲಿ ಕರೆಂಟು ಹರಿದು ಕುಳಿಗಳಲ್ಲಿ ತುಂಬಿದ ಮದ್ದು ಸಿಡಿಯುತ್ತಿತ್ತು. ಆದರೆ ಭಾವ ‘ಹೂಂ’ ಎನ್ನುವ ತನಕ ಬಾಮೈದ ಹಿಡಿಯನ್ನು ತಿರುಗಿಸುವಂತಿರಲಿಲ್ಲ. “ಮನೇಲಿ ಅಕ್ಕನ ಮಾತಿಗೆ ತಲೆ ಬಗ್ಗಿಸಬೇಕು, ಇಲ್ಲಿ ಭಾವನ ಡಬ್ಬಕ್ಕೆ. ನನ್ನ ಹಣೆಬರಹ!” ಎಂದು ಅವನು ಗೊಣಗುತ್ತಿದ್ದ.

‘ಹೂಂ’ ಎನ್ನಲು ಒಂದು ಕ್ರಮವಿತ್ತು. ಮರೆಗೋಡೆಯ ಮೇಲೆ ಮೂವತ್ತೊಂದು ಮೊಳೆ ಹೊಡೆದ ಹಲಗೆ. ಬೆಳಗ್ಗೆ ಗುಂಡಿಗೆ ಇಳಿಯುವ ಪ್ರತಿಯೊಬ್ಬನೂ ತನ್ನ ಅಂಕಿಯ ತಗಡಿನ ಬಿಲ್ಲೆಯನ್ನು ತೆಗೆದುಕೊಂಡು ಹೋಗಬೇಕು. ಡಬ್ಬ ಬಡಿದಾಗ ಹಿಂದಕ್ಕೆ ಬಂದು ತನ್ನ ಮೊಳೆಗೆ ತಗುಲಿಸಬೇಕು. ಖಾಲಿ ಮೊಳೆ ಇದ್ದರೆ ಒಳಗೆ ಮನುಷ್ಯನಿದ್ದಾನೆಂದು ಅರ್ಥ. ಈ ಎಣಿಕೆಯ ಚಟ ಡಬ್ಬದಣ್ಣನಿಗೆ ಮನೆಗೂ ಅಂಟಿತ್ತು. ಊಟಕ್ಕೆ ಕುಳಿತಾಗ ತಲೆ ಎಣಿಸದೆ ತುತ್ತು ಎತ್ತುತ್ತಿರಲಿಲ್ಲ. “ಇರೋದೇ ನಾಲ್ಕು ಜನ, ಎಣಿಸೋಕೇನಿದೆ?” ಎಂದು ಅವನ ಹೆಂಡತಿ ನನ್ನೆದುರಿಗೇ ಗದರಿಸಿದ್ದಳು.

ನಾನು ಹೇಳಲು ಹೊರಟ ದಿನ ಬಂದದ್ದು ನಮ್ಮ ಈ ಪರಿಚಯವಾದ ಮೇಲೆ. ಅದಕ್ಕೆ ಎರಡು ವಾರ ಮೊದಲು ಅವನಿಂದ ಎರಡು ತಪ್ಪುಗಳಾದವು. ಒಂದು ದಿನ ಬಂಡೆಯ ಮೇಲೆ ಯಾರೋ ಒಣಗಲು ಹಾಕಿದ್ದ ಅಂಗಿಯನ್ನು ಮನುಷ್ಯನೆಂದು ತಿಳಿದು ಸಿಡಿತ ನಿಲ್ಲಿಸಿದ. ಮೂರು ದಿನ ಬಿಟ್ಟು, ಕಲ್ಲುರಾಶಿಯ ಹಿಂದೆ ಏನೋ ಅಲುಗಿತೆಂದು ಮತ್ತೆ ನಿಲ್ಲಿಸಿದ. ಅಷ್ಟರಲ್ಲಿ ಹೊರಗೆ ಬಂದದ್ದು ಮೇಕೆ.

“ಭಾವ, ಅಂಗಿಗೊಂದು ಮೇಕೆಗೊಂದು ಬಿಲ್ಲೆ ಮಾಡಿಸಿಬಿಡೋಣ” ಎಂದ ಬಾಮೈದ.

ಕ್ವಾರಿಯ ಯಜಮಾನರಿಗೆ ನಗು ಬರಲಿಲ್ಲ. ಸಿಡಿತ ತಡವಾದರೆ ಕಲ್ಲು ಒಯ್ಯಲು ಬಂದ ಲಾರಿಗಳೆಲ್ಲ ಸಾಲುಗಟ್ಟಿ ನಿಲ್ಲುತ್ತವೆ. “ಇನ್ನೊಂದು ಸಲ ಸುಮ್ಮಸುಮ್ಮನೆ ನಿಲ್ಲಿಸಿದರೆ ಡಬ್ಬ ಬೇರೆಯವರ ಕೊರಳಿಗೆ ಹೋಗುತ್ತೆ, ನೋಡು” ಎಂದು ಎಚ್ಚರಿಸಿದರು.

ಆ ದಿನ ಗುರುವಾರ. ನಲವತ್ತು ಕುಳಿಗಳ ದೊಡ್ಡ ಸಿಡಿತ. ಹನ್ನೆರಡೂಕಾಲಕ್ಕೆ ಡಬ್ಬದಣ್ಣ ಬಂಡೆಯ ಬುಡದಿಂದ ಹಿಂದೆ ಹಿಂದೆ ನಡೆಯತೊಡಗಿದ. ಒಂದನೆಯ ಬಡಿತ, ಎರಡನೆಯದು, ಮೂರನೆಯದು. ಕಣ್ಣಿಗೆ ಒಂದು ನರಪಿಳ್ಳೆಯೂ ಕಾಣಲಿಲ್ಲ. ಮರೆಗೋಡೆಯ ಹಿಂದೆ ಬಂದು ಹಲಗೆ ನೋಡಿದ. ಮೂವತ್ತೊಂದು ಮೊಳೆ, ಮೂವತ್ತೊಂದು ಬಿಲ್ಲೆ. ‘ಹೂಂ’ ಎನ್ನಲು ಬಾಯಿ ತೆರೆದವನು ಹಾಗೆಯೇ ನಿಂತ.

ಬಿಲ್ಲೆಯನ್ನು ಮೊಳೆಗೆ ತಗುಲಿಸಿದಾಗ ಅದು ಸ್ವಲ್ಪ ಹೊತ್ತು ತೂಗಾಡುತ್ತದೆ. ಅಕ್ಕಪಕ್ಕದ ಇಬ್ಬರು ತಮ್ಮ ತಮ್ಮ ಬಿಲ್ಲೆ ತಗುಲಿಸಿದರೆ ಎರಡೂ ಬೇರೆ ಬೇರೆ ತಾಳಕ್ಕೆ ಆಡುತ್ತವೆ. ಹದಿನೇಳು, ಹದಿನೆಂಟು ಎರಡೂ ಒಂದೇ ತಾಳಕ್ಕೆ ತೂಗುತ್ತಿದ್ದವು. ಒಂದೇ ಕೈ ಎರಡನ್ನೂ ತಗುಲಿಸಿತ್ತು.

“ಹಿಡಿ ಬಿಡು” ಎಂದ ಡಬ್ಬದಣ್ಣ.

“ಮತ್ತೆ ಮೇಕೆನಾ ಭಾವ?”

“ಬಿಡು ಅಂದೆ.”

“ಹಲಗೆ ತುಂಬಿದೆಯಲ್ಲ! ಕಣ್ಣಿಗೆ ಕಾಣೋದನ್ನಾದರೂ ನಂಬು. ಇವತ್ತು ನಿಲ್ಲಿಸಿದರೆ ಯಜಮಾನರು ನಿನ್ನ ಮನೆಗೆ ಕಳಿಸ್ತಾರೆ. ಅಕ್ಕನಿಗೆ ನಾನು ಏನು ಹೇಳಲಿ?”

ಡಬ್ಬದಣ್ಣ ಪೆಟ್ಟಿಗೆಯ ಹಿಡಿಯನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡ. ಹಿಡಿ ಅವನ ಜೇಬಿನಲ್ಲಿರುವ ತನಕ ಯಾರೂ ಸಿಡಿಸಲಾರರು. ಆಮೇಲೆ ಜನರ ಕಡೆ ತಿರುಗಿದ. ಹದಿನೇಳು ಪೈಲ್ವಾನನ ಅಂಕಿ, ಹದಿನೆಂಟು ಅವನ ಜೊತೆಯಲ್ಲಿ ಕೆಲಸ ಮಾಡುವ ಕಡ್ಡಿಯದು. ಕಡ್ಡಿ ಎಂಬ ಹೆಸರು ಅವನ ಮೈಕಟ್ಟಿಗೆ ಬಂದದ್ದು. ಇಬ್ಬರೂ ಒಟ್ಟಿಗೆ ನಡೆದರೆ ಮರವೂ ಅದರ ಕೋಲೂ ಹೊರಟಂತೆ ಕಾಣುತ್ತಿತ್ತು.

“ಪೈಲ್ವಾನ ಎಲ್ಲಿ?”

“ನನ್ನ ಹಿಂದೇನೇ ಬರ್ತಿದ್ದ ಅಣ್ಣ” ಎಂದ ಕಡ್ಡಿ. “ಬಿಲ್ಲೆ ನನ್ನ ಕೈಗೆ ಕೊಟ್ಟ. ದಿನಾ ಕೊಡ್ತಾನಲ್ಲ, ತಗುಲಿಸಿದೆ...” ಅವನು ಹಿಂದೆ ತಿರುಗಿ ನೋಡಿದ. ಪೈಲ್ವಾನನಂಥ ಆಳು ಮೂವತ್ತು ಜನರ ನಡುವೆ ಇದ್ದರೆ ಹುಡುಕಬೇಕಾಗಿಯೇ ಇರಲಿಲ್ಲ. ಅವನು ಅಲ್ಲಿರಲಿಲ್ಲ.

ಡಬ್ಬದಣ್ಣ ಕಬ್ಬಿಣದ ಕಡ್ಡಿಗಳನ್ನೆತ್ತಿ ಗುಂಡಿಯ ಕಡೆಗೆ ಮೂರನೆಯ ಬಡಿತವನ್ನು ಮತ್ತೆ ಬಡಿಯತೊಡಗಿದ. ಮೂವತ್ತು ಗಂಟಲುಗಳು ಪೈಲ್ವಾನನ ಹೆಸರು ಹಿಡಿದು ಕೂಗಿದವು. ಬಂಡೆ ಎಲ್ಲವನ್ನೂ ಹಿಂದಕ್ಕೆ ಕೂಗಿತೇ ಹೊರತು ಬೇರೆ ಉತ್ತರ ಬರಲಿಲ್ಲ.

“ಅಣ್ಣ, ನಿಲ್ಲಿಸು” ಎಂದು ಕಡ್ಡಿ ಅವನ ಕೈ ಹಿಡಿದುಕೊಂಡ. “ಬಡಿದು ಉಪಯೋಗ ಇಲ್ಲ. ಅವನಿಗೆ ಕೇಳಿಸಲ್ಲ.”

“ಅಷ್ಟು ದೂರ ಹೋಗಿದ್ದಾನಾ?”

“ದೂರ ಅಲ್ಲ ಅಣ್ಣ. ಕಿವೀನೇ ಕೇಳಿಸಲ್ಲ ಅವನಿಗೆ. ನಾಲ್ಕು ವರ್ಷ ಆಯ್ತು. ದಿನಾ ನಾನು ತೋಳು ಎಳೀತೀನಿ, ಆಗ ಹೊರಡ್ತಾನೆ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದ.”

ಇಪ್ಪತ್ತು ವರ್ಷ ಡ್ರಿಲ್ಲು ಹಿಡಿದವರ ಕಿವಿ ಹೀಗಾಗುವುದು ಹೊಸದಲ್ಲ. ಆದರೆ ಒಬ್ಬನ ಬಾಯಿ ಚುರುಕಾಗಿದ್ದರೆ ಕಿವಿಯನ್ನು ಯಾರು ಸಂಶಯಿಸುತ್ತಾರೆ? ತಾನೇ ಮೊದಲು ಕೂಗಿ, ತಾನೇ ತಮಾಷೆ ಮಾಡಿ, ಬೇರೆಯವರ ಮಾತಿಗೆ ಎಡೆಯನ್ನೇ ಕೊಡದೆ ಅವನು ನಾಲ್ಕು ವರ್ಷ ಕಳೆದಿದ್ದ. ಹಲಗೆಯ ಮುಂದಿನ ಗುಂಪಿನಲ್ಲಿ ಯಾರಾದರೂ ಮಾತಿಗೆ ಎಳೆದಾರೆಂದೇ ಬಿಲ್ಲೆಯನ್ನು ಕಡ್ಡಿಗೆ ಒಪ್ಪಿಸುತ್ತಿದ್ದ.

ಡಬ್ಬದಣ್ಣ ಬೆಲ್ಟನ್ನು ಕೊರಳಿಂದ ತೆಗೆದು ಡಬ್ಬವನ್ನು ನೆಲದ ಮೇಲಿಟ್ಟ. ಮದ್ದು ತುಂಬಿದ ಗುಂಡಿಗೆ, ಹನ್ನೊಂದು ವರ್ಷಗಳಲ್ಲಿ ಮೊದಲ ಸಲ, ಬರಿಯ ಕೈಯಲ್ಲಿ ಮುಖ ಮುಂದೆ ಮಾಡಿ ನಡೆದ. ಕುಂಟುಗಾಲು ಕಲ್ಲುಗಳಿಗೆ ಎಡವಿತು. ಹಿಂದೆ ಹಿಂದೆ ನಡೆದಾಗ ಹಾಗೆ ಎಂದೂ ಎಡವಿದ್ದಿಲ್ಲವೆಂದು ಆಮೇಲೆ ನನಗೆ ಆಶ್ಚರ್ಯದಿಂದ ಹೇಳಿದ.

ಎಡಗಡೆಯ ಕಲ್ಲುರಾಶಿಯ ಹಿಂದೆ, ಬಂಡೆಯ ಕಡೆಯಿಂದ ಬರುವವನಿಗೆ ಕಾಣದ ಮೂಲೆಯಲ್ಲಿ, ಪೈಲ್ವಾನ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಬೆಳಗ್ಗೆ ತಾನೇ ಕೈಗೆ ಬಂದ ಹೊಸ ಡ್ರಿಲ್ಲಿನ ಸಲಾಕೆಯನ್ನು ಅಲ್ಲೇ ಬಿಟ್ಟಿದ್ದನಂತೆ, ಮದ್ದಿಗೆ ಸಿಕ್ಕಿ ಹಾಳಾಗದಿರಲೆಂದು ಮರಳಿ ಬಂದಿದ್ದ. ಎಲ್ಲರೂ ನಿಧಾನವಾಗಿ ನಡೆಯುತ್ತಿದ್ದುದನ್ನು ಕಂಡು, ಇನ್ನೂ ಎರಡನೆಯ ಬಡಿತವೇ ಇರಬೇಕು, ಬೇಕಾದಷ್ಟು ಸಮಯವಿದೆ ಎಂದುಕೊಂಡಿದ್ದ. ಸಲಾಕೆಯ ಮೊನೆಗೆ ಹತ್ತಿದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದ.

ಡಬ್ಬದಣ್ಣ ಹೆಗಲ ಮೇಲೆ ಕೈಯಿಟ್ಟ.

ಪೈಲ್ವಾನ ತಿರುಗಿದ. ಮೊದಲು ಡಬ್ಬವಿಲ್ಲದ ಎದೆಯನ್ನು ನೋಡಿದ, ಆಮೇಲೆ ಖಾಲಿಯಾದ ಗುಂಡಿಯನ್ನು, ಕೊನೆಗೆ ಕುಳಿಯಿಂದ ಕುಳಿಗೆ ಹರಿದಿದ್ದ ತಂತಿಗಳನ್ನು.

“ಎಷ್ಟನೇ ಬಡಿತ?”

ಡಬ್ಬದಣ್ಣ ಮೂರು ಬೆರಳು ತೋರಿಸಿದ.

ಬೈಗುಳವೂ ಇಲ್ಲ, ಬುದ್ಧಿವಾದವೂ ಇಲ್ಲ. ಜೇಬಿನಿಂದ ಪೆಟ್ಟಿಗೆಯ ಹಿಡಿಯನ್ನು ತೆಗೆದು ತೋರಿಸಿ, ಹೆದರಬೇಡ ಎಂಬಂತೆ ತಲೆಯಾಡಿಸಿದ. ಪೈಲ್ವಾನ ಎದ್ದ. ಇಬ್ಬರು ಹಿಡಿಯುವ ಡ್ರಿಲ್ಲನ್ನು ಒಬ್ಬನೇ ಹಿಡಿಯುವ ಆ ಕೈ, ಡಬ್ಬದಣ್ಣನ ಕೈಯನ್ನು ಹಿಡಿದುಕೊಂಡಿತು. ಮರೆಗೋಡೆ ಮುಟ್ಟುವ ತನಕ ಬಿಡಲಿಲ್ಲ.

ಇಬ್ಬರೂ ಗೋಡೆಯ ಹಿಂದೆ ಬಂದಾಗ ಕಡ್ಡಿ ಪೈಲ್ವಾನನ ಬೆನ್ನಿಗೆ ಎರಡು ಗುದ್ದು ಗುದ್ದಿ ಅಳುತ್ತ ಕುಳಿತ. ಡಬ್ಬದಣ್ಣ ಹಿಡಿಯನ್ನು ಬಾಮೈದನಿಗೆ ಕೊಟ್ಟು, ಎಲ್ಲರ ತಲೆಯನ್ನು ಬೆರಳು ತೋರಿಸಿ ಎಣಿಸಿ, “ಹೂಂ” ಎಂದ. ಬಾಮೈದನಿಗೆ ಹಿಡಿ ಕೂರಿಸಲು ಮೂರು ಸಲ ಪ್ರಯತ್ನಿಸಬೇಕಾಯಿತು. ಬಂಡೆ ಸಿಡಿದು ಧೂಳು ಅಡಗಿದ ಮೇಲೆ ಕಲ್ಲುರಾಶಿಯ ಎಡಮೂಲೆ ಇದ್ದಲ್ಲಿ ಇರಲಿಲ್ಲ. ಅದನ್ನು ನೋಡಿ ಬಾಮೈದ ಹೇಳಿದ್ದು ಒಂದೇ ಮಾತು: “ಭಾವ, ಇನ್ನು ಮೇಲೆ ನೀನು ಇರುವೆಗೆ ನಿಲ್ಲಿಸು ಅಂದರೂ ನಿಲ್ಲಿಸ್ತೀನಿ.”

ಯಜಮಾನರು ವಿಷಯವನ್ನೆಲ್ಲ ಕೇಳಿದರು. ಡಬ್ಬದ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಕೇಳಿಸದವನನ್ನು ಗುಂಡಿಗೆ ಇಳಿಸುವಂತಿಲ್ಲ, ಮೇಲಿನ ಕುಲುಮೆಯಲ್ಲಿ ಸಲಾಕೆ, ಉಳಿಗಳಿಗೆ ಮೊನೆ ತಟ್ಟುವ ಮುದುಕನಿಗೆ ಕೈ ಸಾಲುತ್ತಿಲ್ಲ, ಅಲ್ಲಿಗೆ ಹೋಗಲಿ, ಸಂಬಳ ಅಷ್ಟೇ ಇರುತ್ತದೆ ಎಂದರು. ಕಡ್ಡಿ ಅದನ್ನು ಕೈಸನ್ನೆಯಿಂದಲೂ ತುಟಿಯಿಂದಲೂ ಪೈಲ್ವಾನನಿಗೆ ತಿಳಿಸಿದ. ಪೈಲ್ವಾನ ತಲೆ ಅಡ್ಡಡ್ಡ ಆಡಿಸಿದ.

“ಗುಂಡಿಯಿಂದ ಹಿಂದೆ ಸರಿದ ಅಂತ ನಾಳೆ ಊರೆಲ್ಲ ನಗುತ್ತೆ.”

ಡಬ್ಬದಣ್ಣ ಅವನ ಎದುರಿಗೆ ಬಂದು, ತುಟಿ ಕಾಣುವಂತೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದ: “ಮೂವತ್ತು ಜನ ದಿನಾ ಸರೀತಾರೆ. ನಾನು ಹನ್ನೊಂದು ವರ್ಷದಿಂದ ಸರೀತಿದ್ದೀನಿ. ನೀನು ದೊಡ್ಡ ಮನುಷ್ಯ, ಒಂದೇ ಸಲ ಸರಿ, ಸಾಕು.”

ಪೈಲ್ವಾನ ಕೇಳಿದ್ದು ಬೇರೆಯೇ.

“ಮನೇಲಿ ಏನಂತ ಹೇಳಲಿ? ಅವಳಿಗೂ ಗೊತ್ತಿಲ್ಲ.”

ಇದುವರೆಗಿನದು ನಾನು ಡಬ್ಬದಣ್ಣನಿಂದಲೂ ಅವನ ಬಾಮೈದನಿಂದಲೂ ಕೇಳಿದ್ದು. ಇಬ್ಬರೂ ಹೇಳುವಾಗ ಒಬ್ಬರನ್ನೊಬ್ಬರು ಹತ್ತು ಸಲ ತಿದ್ದಿದರು. ಮುಂದಿನದು ನಾನೇ ಕಂಡದ್ದು, ಏಕೆಂದರೆ ಪೈಲ್ವಾನನ ಹೆಂಡತಿ ನಮ್ಮ ಶಾಲೆಯ ಆಯಾ. ಕೋಣೆಗಳನ್ನು ಗುಡಿಸುವುದು, ಕುಡಿಯುವ ನೀರು ತುಂಬಿಸುವುದು, ಪಾಠದ ಅವಧಿ ಮುಗಿದಾಗ ಗಂಟೆ ಹೊಡೆಯುವುದು ಅವಳ ಕೆಲಸ. ಮಾತು ಕಡಿಮೆ, ಮುಖದಲ್ಲಿ ಯಾವಾಗಲೂ ಒಂದು ಬಿಗಿ. ನಾಲ್ಕು ವರ್ಷದ ಹಿಂದೆ ಹಾಗಿರಲಿಲ್ಲ ಎಂದು ಹಳಬರು ಹೇಳುತ್ತಿದ್ದರು.

ಆ ಮಧ್ಯಾಹ್ನ ನಾನು ಜಗಲಿಯಲ್ಲಿ ಪುಸ್ತಕ ತಿದ್ದುತ್ತಿದ್ದೆ. ಕಲ್ಲಿನ ಧೂಳಿನಿಂದ ಬೆಳ್ಳಗಾದ ಇಬ್ಬರು ಗೇಟು ದಾಟಿ ಬಂದರು. ಹಿಂದೆ ನಿಂತವನು ಬೆಟ್ಟದಂಥ ಆಳು, ಆದರೂ ಮುಂದಿದ್ದ ಡಬ್ಬದಣ್ಣನ ಬೆನ್ನಿನ ಮರೆಗೆ ಸೇರಲು ನೋಡುತ್ತಿದ್ದ. ಆಯಾ ಕಸಪೊರಕೆ ಹಿಡಿದು ಹೊರಗೆ ಬಂದಳು.

“ಏನಾಯ್ತಣ್ಣ? ಇವರು ಯಾಕೆ ಈ ಹೊತ್ತಿನಲ್ಲಿ?”

“ಏನೂ ಆಗಿಲ್ಲಮ್ಮ. ಕೈಕಾಲೆಲ್ಲ ಸರಿಯಾಗಿದೆ. ಕಿವಿ ಮಾತ್ರ ಕೇಳಿಸಲ್ಲವಂತೆ. ನಾಲ್ಕು ವರ್ಷದಿಂದ. ನಿನಗೆ ಹೇಳೋಕೆ ಹೆದರಿ ನನ್ನ ಕರೆದುಕೊಂಡು ಬಂದಿದ್ದಾನೆ.”

ಪೊರಕೆ ಅವಳ ಕೈಯಿಂದ ಜಾರಿತು.

“ಕೇಳಿಸಲ್ಲವಾ?” ಅವಳು ಗಂಡನ ಹತ್ತಿರ ಹೋಗಿ ಅವನ ಮುಖವನ್ನೇ ನೋಡಿದಳು. “ನಾಲ್ಕು ವರ್ಷದಿಂದ ನಾನು ಕರೆದರೆ ತಿರುಗಿ ನೋಡಲ್ಲ. ಏನು ಕೇಳಿದರೂ ಹೂಂ ಅಂತೀರ, ಇಲ್ಲ ಎದ್ದು ಹೊರಗೆ ಹೋಗ್ತೀರ. ನಾನು ಯಾವುದೋ ಮಾತು ಆಡಿ ನೋಯಿಸಿಬಿಟ್ಟಿದ್ದೀನಿ, ನನ್ನ ಕಂಡರೆ ಆಗಲ್ಲ ಇವರಿಗೆ ಅಂದುಕೊಂಡು...” ಆಮೇಲೆ ಅವನ ಕಿವಿಗೆ ಬಾಯಿಟ್ಟು, ಮೂರು ತರಗತಿಗಳಿಗೂ ಕೇಳುವಂತೆ ಕೂಗಿದಳು: “ಹಾಗಾದರೆ ನನ್ನ ಮೇಲೆ ಕೋಪ ಇರಲಿಲ್ವಾ?”

ಪೈಲ್ವಾನನಿಗೆ ಅಷ್ಟು ಕೇಳಿಸಿತು.

“ಕೋಪಾನಾ? ನಿನ್ನ ಮೇಲೆ ಯಾಕೆ?”

ಅವಳು ಜಗಲಿಯ ಮೆಟ್ಟಿಲಿನ ಮೇಲೆ ಕುಸಿದು ಕುಳಿತು ನಗತೊಡಗಿದಳು. ನಗುತ್ತಲೇ ಕಣ್ಣೊರೆಸಿಕೊಂಡಳು, ಒರೆಸಿಕೊಂಡು ಮತ್ತೆ ನಕ್ಕಳು. ಏನು ತಪ್ಪಾಯಿತೆಂದು ತಿಳಿಯದ ಪೈಲ್ವಾನ ಅವಳ ಪಕ್ಕದಲ್ಲಿ, ಧೂಳಿನ ಬಟ್ಟೆ ತಾಗದಂತೆ ಒಂದು ಗೇಣು ಬಿಟ್ಟು ಕುಳಿತ. ಅವಳೇ ಆ ಗೇಣನ್ನು ಸರಿದು ಹತ್ತಿರ ಬಂದಳು. ನಾಲ್ಕು ವರ್ಷದ ಮಾತು ಬಾಕಿ ಇತ್ತಲ್ಲ, ಅವನ ಕಿವಿಗೆ ಬಾಯಿಟ್ಟು ಒಂದೊಂದಾಗಿ ಹೇಳಲು ಶುರುಮಾಡಿದಳು. ಅವನು ನಿಜವಾಗಿಯೂ ಕೇಳಿ, ನಿಜವಾಗಿಯೂ ಹೂಂಗುಟ್ಟುತ್ತಿದ್ದ. ಡಬ್ಬದಣ್ಣ ನನ್ನ ಕಡೆ ನೋಡಿ ತಲೆ ಬಾಗಿಸಿ, ಸದ್ದಿಲ್ಲದೆ ಗೇಟಿನ ಕಡೆಗೆ ನಡೆದ.

ಆ ದಿನ ನಮ್ಮ ಶಾಲೆಯಲ್ಲಿ ಐದನೆಯ ಪೀರಿಯಡ್ಡು ಇಪ್ಪತ್ತೈದು ನಿಮಿಷ ಹೆಚ್ಚಾಗಿ ನಡೆಯಿತು. ಗಂಟೆ ಯಾಕೆ ಹೊಡೆಯಲಿಲ್ಲವೆಂದು ಮುಖ್ಯೋಪಾಧ್ಯಾಯರು ಸಂಜೆ ಕೇಳಿದರು. ಗೋಡೆಯ ಗಡಿಯಾರ ನಿಂತುಹೋಗಿತ್ತು ಸಾರ್ ಎಂದೆ. ಅವರು ಗಡಿಯಾರವನ್ನು ನೋಡಿದರು. ಅದು ಚೆನ್ನಾಗಿಯೇ ನಡೆಯುತ್ತಿತ್ತು. ಜಗಲಿಯ ಕಡೆಗೂ ಒಮ್ಮೆ ನೋಡಿದರು. ಆಯಾ ಹಾಡು ಗುನುಗುತ್ತ ನೀರಿನ ಹಂಡೆ ತೊಳೆಯುತ್ತಿದ್ದಳು.

“ಈಗ ಸರಿಹೋಗಿದೆ ಬಿಡಿ” ಎಂದರು.